ಒಳಗೆ ಕೂತವರು

ಹಿಂದೂಪುರದ ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರು, ಬೇವಿನ ಮರದ ಕೆಳಗೆ ಹರಿಕೃಷ್ಣನ ಮೇಜು. ಬೆಳಿಗ್ಗೆ ಹತ್ತಕ್ಕೆ ಅವನು ಕನ್ನಡಕ ಒರೆಸಿ ಹಾಕಿಕೊಂಡು ಕೂತನೆಂದರೆ ಪರಿಗಿ, ಲೇಪಾಕ್ಷಿ ಕಡೆಯ ಜನ ಕೈಯಲ್ಲಿ ಹಳೇ ಪತ್ರಗಳ ಚೀಲ ಹಿಡಿದು ಸುತ್ತ ನಿಲ್ಲುತ್ತಿದ್ದರು. ಕ್ರಯಪತ್ರ, ಭಾಗಪತ್ರ, ದಾನಪತ್ರ, ಏನೇ ಇರಲಿ ಅವನು ತೆಲುಗಿನಲ್ಲಿ ಬರೆದು, ಕನ್ನಡ ಮನೆಮಾತಿನವರಿಗೆ ಕನ್ನಡದಲ್ಲೇ ಓದಿ ಹೇಳುತ್ತಿದ್ದ. ಒಂದು ಸಾಲು ಓದುವುದು, ತಲೆ ಎತ್ತಿ ಎದುರಿಗಿದ್ದವರ ಮುಖ ನೋಡುವುದು, "ಅರ್ಥ ಆಯ್ತಾ?" ಎಂದು ಕೇಳುವುದು, ಆಮೇಲೆ ಮುಂದಿನ ಸಾಲು. ಅವಸರ ಮಾಡಿದವರಿಗೆ ಬೈಗುಳ ಗ್ಯಾರಂಟಿ.

"ಓದಿಸ್ಕಳ್ದೆ ಸಹಿ ಹಾಕೋನು ಕಣ್ಣು ಮುಚ್ಕಂಡು ರಸ್ತೆ ದಾಟೋನು ಒಂದೇ ಕಣಯ್ಯಾ. ನಿಂತ್ಕ, ಪೂರ್ತಿ ಕೇಳು."

ಈ ಮಾತನ್ನು ದಿನಕ್ಕೆ ನಾಲ್ಕು ಸಲವಾದರೂ ಕೇಳಿ ಕೇಳಿ ಪಾಪಕ್ಕನಿಗೆ ಬಾಯಿಪಾಠವಾಗಿತ್ತು. ಅವಳ ತಳ್ಳುಗಾಡಿ ಅವನ ಮೇಜಿನ ಪಕ್ಕದಲ್ಲೇ. ಮಂಡಕ್ಕಿ ನೆನೆಸಿ ಒಗ್ಗರಣೆ ಹಾಕಿದ ಉಗ್ಗಾಣಿ, ಜೊತೆಗೆ ಮೆಣಸಿನಕಾಯಿ ಬಜ್ಜಿ. ಗಂಡ ತೀರಿಕೊಂಡ ವರ್ಷ ಶುರು ಮಾಡಿದ್ದು, ಇಪ್ಪತ್ತೆರಡು ವರ್ಷದಿಂದ ಅದೇ ಜಾಗದಲ್ಲಿ ಬೆಳಿಗ್ಗೆಯಿಂದ ಮೂರು ಗಂಟೆಯವರೆಗೆ ನಿಂತೇ ಇರುತ್ತಿದ್ದಳು. ಆ ಗಾಡಿಯಿಂದಲೇ ಮಗಳು ಮಲ್ಲೇಶ್ವರಿಯನ್ನು ಓದಿಸಿ ಕಲ್ಯಾಣದುರ್ಗಕ್ಕೆ ಕೊಟ್ಟು ಮದುವೆ ಮಾಡಿದ್ದಳು.

ಹೋದ ನವೆಂಬರಿನಲ್ಲಿ ಒಂದು ದಿನ ಅಂಬರೀಶ ಉಗ್ಗಾಣಿ ತಿನ್ನಲು ಬಂದ. ಆರ್‌ಟಿಒ ಕಚೇರಿಯ ರಸ್ತೆಯಲ್ಲಿ ಅವನದೊಂದು ಚಿಕ್ಕ ಅಂಗಡಿ. ಗಾಡಿಗಳ ಇನ್ಶೂರೆನ್ಸು, ಲೈಸೆನ್ಸು, ಎಲ್ಲ ಫೋನಿನಲ್ಲೇ ಮಾಡಿಕೊಡುತ್ತಿದ್ದ. ತಟ್ಟೆ ಒಂದು ಕೈಯಲ್ಲಿ, ಫೋನು ಇನ್ನೊಂದು ಕೈಯಲ್ಲಿ ಹಿಡಿದು ಅವನು ಕೇಳಿದ:

"ಸಾರ್, ನಿಮ್ಮ ಕಾರಿನ ಇನ್ಶೂರೆನ್ಸು ನಾಳಿದ್ದಿಗೆ ಮುಗೀತದೆ. ಫುಲ್ ಮಾಡ್ಲಾ, ಥರ್ಡ್ ಪಾರ್ಟಿ ಸಾಕಾ?"

"ಎಂಟು ವರ್ಷದ ಕಾರಿಗೆ ಫುಲ್ ಯಾಕೋ? ಪೊಲೀಸರಿಗೆ ತೋರ್ಸಕ್ಕೆ ಒಂದು ಕಾಗದ ಇದ್ರೆ ಸಾಕು."

"ಕಾರಿಗೋಸ್ಕರ ಅಲ್ಲ ಸಾರ್. ಥರ್ಡ್ ಪಾರ್ಟಿ ಒಂದೇ ಆದ್ರೆ ಹೊರಗಿನೋರಿಗೆ ಏನಾದ್ರೂ ಆದಾಗ ಕಂಪನಿ ಕೊಡ್ತದೆ. ಒಳಗೆ ಕೂತೋರಿಗೆ ಬರಲ್ಲ. ಫುಲ್ ಮಾಡಿಸಿದ್ರೆ ಒಳಗೆ ಕೂತೋರಿಗೂ ಆಯ್ತದೆ. ಜಾಸ್ತಿ ಏನಿಲ್ಲ, ಒಂದು ಟೈರಿನ ದುಡ್ಡು."

"ಒಳಗೆ ಕೂತ್ಕಳೋದು ಯಾರೋ? ನನ್ ಹೆಂಡ್ತಿ. ಅವಳು ನನ್ ಮೇಲೆ ಕೇಸು ಹಾಕ್ತಾಳಾ?"

ಸುತ್ತ ಇದ್ದವರು ನಕ್ಕರು. ಜಾಲರಿ ಸೌಟು ಹಿಡಿದಿದ್ದ ಪಾಪಕ್ಕನೂ ನಕ್ಕಳು. ಅಂಬರೀಶ "ನಿಮ್ಮಿಷ್ಟ ಸಾರ್" ಎಂದು ಫೋನಿನ ಮೇಲೆ ಬೆರಳಾಡಿಸಿದ. ಎರಡು ನಿಮಿಷದಲ್ಲಿ ಕೆಲಸ ಮುಗಿಯಿತು. ಊರಿನವರ ಪತ್ರಗಳಲ್ಲಿ ಅಲ್ಪವಿರಾಮವನ್ನೂ ಬಿಡದೆ ಓದುವ ಹರಿಕೃಷ್ಣ ತನ್ನ ಫೋನಿಗೆ ಬಂದ ಆ ನಾಲ್ಕು ಪುಟದ ಕಾಗದವನ್ನು ತೆರೆದೂ ನೋಡಲಿಲ್ಲ. ತೆರೆಯುವ ಅಗತ್ಯವಾದರೂ ಏನಿತ್ತು, ಬಾಯಿಮಾತಿನಲ್ಲೇ ಎಲ್ಲ ಹೇಳಿಯಾಗಿತ್ತಲ್ಲ. ಗೊತ್ತಿದ್ದೂ ಬೇಡವೆಂದೆನಲ್ಲ ಎಂಬುದೇ ಆಮೇಲೆ ಅವನನ್ನು ಸುಟ್ಟದ್ದು.

ಸಂಕ್ರಾಂತಿ ಕಳೆದ ವಾರ ಅವನ ಹೆಂಡತಿ ಭಾರ್ಗವಿಯ ತಮ್ಮ ಕಲ್ಯಾಣದುರ್ಗದಲ್ಲಿ ಹೊಸ ಮನೆಯ ಗೃಹಪ್ರವೇಶ ಇಟ್ಟುಕೊಂಡಿದ್ದ. ಆ ಕಡೆ ಒಂದು ರೂಢಿಯಿದೆ. ಕಾರು ಇದ್ದವನು ಊರಿಗೆ ಹೊರಟರೆ ಸೀಟು ಖಾಲಿ ಬಿಟ್ಟು ಹೋಗುವಂತಿಲ್ಲ. ಖಾಲಿ ಬಿಟ್ಟು ಹೋದರೆ "ಅಬ್ಬೋ, ಕಾರು ತಗಂಡ ಮೇಲೆ ಮನುಷ್ಯರು ಕಾಣಲ್ಲ ಅವ್ನಿಗೆ" ಎಂಬ ಮಾತು ಬರುತ್ತದೆ. ಹರಿಕೃಷ್ಣ ಇಂಥ ಮಾತು ಹುಟ್ಟಲು ಬಿಡುವವನಲ್ಲ. ಬಸ್ ನಿಲ್ದಾಣದ ಮುಂದೆ ಹೋಗುವಾಗ ಕಲ್ಯಾಣದುರ್ಗದ ಬಸ್ಸಿನ ಕಿಟಕಿಯಲ್ಲಿ ಪಾಪಕ್ಕನ ಮುಖ ಕಂಡಿತು. ಅವಳು ಮೊಮ್ಮಗುವನ್ನು ನೋಡಲು ಹೊರಟಿದ್ದಳು. ಅವನು ಬಸ್ಸಿಗೆ ಅಡ್ಡವಾಗಿ ಕಾರು ನಿಲ್ಲಿಸಿಯೇ ಬಿಟ್ಟ.

"ಇಳಿಯಕ್ಕಾ, ಇಳಿ! ಕಾರು ಖಾಲಿ ಹೋಗ್ತೈತೆ."

"ಬ್ಯಾಡ ಕಣಪ್ಪ, ಕಿಟಕಿ ಪಕ್ಕದ ಸೀಟು ಸಿಕ್ಕೈತೆ. ನಾನು ಇದ್ರಾಗೇ ಬತ್ತೀನಿ."

"ನಮ್ ಕಾರಲ್ಲಿ ನಾಲ್ಕು ಕಿಟಕಿ ಐತೆ, ಯಾವ್ದು ಬೇಕೋ ತಗ. ಇಳಿ ಮೊದ್ಲು."

ಬಸ್ಸಿನ ಡ್ರೈವರು ಹಾರನ್ ಬಾರಿಸಿದ. ಪಾಪಕ್ಕ ನಾಚುತ್ತ, ಕಜ್ಜಾಯದ ಡಬ್ಬಿ ಎದೆಗವಚಿಕೊಂಡು ಇಳಿದಳು. ಹಿಂದೆ ಕೂತರೆ ವಾಂತಿ ಬರುತ್ತದೆ ಎಂದಳು. ಭಾರ್ಗವಿ ತಾನೇ ಹಿಂದಕ್ಕೆ ಹೋಗಿ ಮುಂದಿನ ಸೀಟು ಬಿಟ್ಟುಕೊಟ್ಟಳು. ಹರಿಕೃಷ್ಣ ಬೆಲ್ಟು ಎಳೆದು ಕಟ್ಟಿದ. ಪಾಪಕ್ಕ ಬಸ್ಸಿನಲ್ಲಿದ್ದ ಪರಿಚಯದವರಿಗೆಲ್ಲ ಕೈ ಬೀಸಿದಳು. ಕಾರಿನ ಮುಂದಿನ ಸೀಟಿನಲ್ಲಿ ಅವಳು ಕೂತದ್ದು ಅದೇ ಮೊದಲು.

ಪಾವಗಡ ದಾಟಿ ಕಲ್ಯಾಣದುರ್ಗ ಇನ್ನು ಎಂಟು ಮೈಲಿ ಇದ್ದಾಗ ಅದು ನಡೆಯಿತು. ಹುರುಳಿ ಒಕ್ಕಣೆಯ ಕಾಲ. ಗಾಡಿಗಳ ಚಕ್ರ ಓಡಾಡಿ ಕಾಳು ಉದುರಲಿ ಎಂದು ರಸ್ತೆಗೆ ಹುರುಳಿ ಗಿಡ ಹರಡಿದ್ದರು. ಎಲ್ಲರೂ ಅದರ ಮೇಲೇ ಹೋಗುತ್ತಾರೆ, ಹರಿಕೃಷ್ಣನೂ ಹೋದ. ಆದರೆ ವೇಗ ತಗ್ಗಿಸಲಿಲ್ಲ. ಮುಂದೆ ಮೋರಿ ಕಂಡು ಬ್ರೇಕು ಒತ್ತಿದಾಗ ಚಕ್ರ ಕಾಳಿನ ಮೇಲೆ ಜಾರಿ, ಕಾರು ಎಡಕ್ಕೆ ತಿರುಗಿ ಮೋರಿಯ ಕಲ್ಲಿಗೆ ಹೊಡೆಯಿತು. ಅವನಿಗೆ ಹಣೆಯಲ್ಲಿ ಒಂದು ಗೀರು, ಭಾರ್ಗವಿಗೆ ಮೊಣಕೈ ತರಚು. ಎಡಕ್ಕೆ ಕೂತಿದ್ದ ಪಾಪಕ್ಕನ ತೊಡೆಯ ಮೂಳೆ ಮುರಿದಿತ್ತು.

ಆಸ್ಪತ್ರೆಗೆ ಬಂದ ಕಾನ್‌ಸ್ಟೇಬಲ್‌ಗೆ ಪಾಪಕ್ಕ ಹಲ್ಲು ಕಚ್ಚಿಕೊಂಡೇ ಹೇಳಿದಳು: "ಯಾರ್ ತಪ್ಪೂ ಇಲ್ಲ ಸಾಮಿ. ಕೇಸು ಗೀಸು ಬ್ಯಾಡ." ಮಲ್ಲೇಶ್ವರಿ ಓಡಿ ಬಂದು ಅಳುತ್ತ ನಿಂತಾಗ ಹರಿಕೃಷ್ಣನ ಬಾಯಿಂದ ಒಂದು ಮಾತು ಬಂದುಬಿಟ್ಟಿತು.

"ಅಳಬೇಡ ಕಣಮ್ಮ. ಕಾರಿಗೆ ಇನ್ಶೂರೆನ್ಸ್ ಐತೆ, ಎಲ್ಲಾ ಅವ್ರೇ ಕೊಡ್ತಾರೆ."

ಹೇಳುವಾಗ ಅಂಬರೀಶನ ಮಾತು ನೆನಪಿರಲಿಲ್ಲವೇ? ನೆನಪಿತ್ತು. ಏನಾದರೂ ದಾರಿ ಇದ್ದೀತು ಎಂದು ಮನಸ್ಸಿಗೆ ತಾನೇ ಸಮಾಧಾನ ಹೇಳಿಕೊಂಡ. ಮೂರನೇ ದಿನ ಅಂಗಡಿಗೆ ಹೋದ. ಅಂಬರೀಶ ಫೋನು ಕೆಳಗಿಟ್ಟು ಹೇಳಿದ: "ನಾನು ಅವತ್ತೇ ಹೇಳಿದ್ನಲ್ಲ ಸಾರ್. ಆಯಮ್ಮ ರಸ್ತೇಲಿ ನಡ್ಕಂಡು ಹೋಗ್ತಿದ್ದು ನಿಮ್ ಕಾರು ಗುದ್ದಿದ್ರೆ ದುಡ್ಡು ಬರೋದು. ನಿಮ್ ಪಕ್ಕ ಕೂತಿದ್ಲಲ್ಲ, ಬರಲ್ಲ."

ದಾರಿಹೋಕಳಾಗಿದ್ದರೆ ಸಿಗುತ್ತಿದ್ದದ್ದು, ತಾನು ಮರ್ಯಾದೆ ಮಾಡಿ ಕರೆದು ಕೂರಿಸಿಕೊಂಡದ್ದಕ್ಕೆ ಸಿಗಲಿಲ್ಲ. ಹರಿಕೃಷ್ಣ ಮನೆಗೆ ಬಂದು ಊಟ ಮಾಡದೆ ಮಲಗಿದ. ಭಾರ್ಗವಿ ಏನಾಯಿತೆಂದು ಕೇಳಿದರೆ ತಲೆನೋವು ಎಂದ.

ಮೊದಲ ಆಪರೇಷನ್ನು ಸರ್ಕಾರಿ ಆರೋಗ್ಯ ಕಾರ್ಡಿನಲ್ಲಿ ಆಯಿತು. ಪಾಪಕ್ಕ ಕಲ್ಯಾಣದುರ್ಗದಲ್ಲಿ ಮಗಳ ಮನೆಯಲ್ಲೇ ಉಳಿದಳು. ಆರು ತಿಂಗಳಾದರೂ ಮೂಳೆ ಕೂಡಲಿಲ್ಲ. ಕೆಲವರಿಗೆ ಹೀಗಾಗುತ್ತದೆ, ಇನ್ನೊಂದು ಆಪರೇಷನ್ ಬೇಕು, ತಡ ಮಾಡಿದರೆ ಮತ್ತೆ ಕಾಲೂರಿ ನಿಲ್ಲುವುದು ಕಷ್ಟ ಎಂದರು ದೊಡ್ಡ ಡಾಕ್ಟರು. ಈ ಸಲದ್ದು ಕಾರ್ಡಿಗೆ ಬರುವಂತಿರಲಿಲ್ಲ. ಮಲ್ಲೇಶ್ವರಿ ವಾರಕ್ಕೊಮ್ಮೆ ಫೋನು ಮಾಡುತ್ತಿದ್ದಳು.

"ಸಾರ್, ಇನ್ಶೂರೆನ್ಸ್ ಏನಾಯ್ತು?"

"ಕಂಪನಿಯೋರು ಲೇಟ್ ಮಾಡ್ತವ್ರೆ ಕಣಮ್ಮ. ಮೇಲಿನ ಆಫೀಸಿಗೆ ಹೋಗೈತೆ."

ಫೋನಿಟ್ಟ ಮೇಲೆ ಅವನಿಗೆ ತನ್ನ ಮೇಲೇ ಹೇಸಿಗೆಯಾಗುತ್ತಿತ್ತು. ಎದುರಿಗೆ ಗಾಡಿಯ ಜಾಗ ಖಾಲಿ ಇತ್ತು. ಎಣ್ಣೆ ಸಿಡಿದು ಕಪ್ಪಾದ ನೆಲ ಮಾತ್ರ ಹಾಗೇ ಉಳಿದಿತ್ತು. ಅದು ಕಾಣದಿರಲಿ ಎಂದು ಅವನು ಕುರ್ಚಿಯನ್ನು ಕಚೇರಿಯ ಕಡೆಗೆ ತಿರುಗಿಸಿಕೊಂಡ. ನಾಚಿಕೆಗೇಡಿನ ವಿಷಯ ಇನ್ನೊಂದಿತ್ತು. ಕಾರು ಇಪ್ಪತ್ತೇ ದಿನದಲ್ಲಿ ರಿಪೇರಿಯಾಗಿ, ಹೊಸ ಬಂಪರು ಹಾಕಿಸಿಕೊಂಡು ಮನೆ ಮುಂದೆ ಹೊಳೆಯುತ್ತ ನಿಂತಿತ್ತು.

ದಾರಿ ತೋರಿಸಿದವನು ಅಂಬರೀಶನೇ.

"ಸಾರ್, ಇನ್ನೂ ಪೊಲೀಸ್ ಕೇಸು ಆಗಿಲ್ಲ. ಆಯಮ್ಮನ ಹತ್ರ ಸ್ಟೇಷನ್ನಿಗೆ ಒಂದು ಅರ್ಜಿ ಕೊಡ್ಸಿ. ರಸ್ತೆ ಪಕ್ಕ ನಿಂತಿದ್ದೆ, ಕಾರು ಬಂದು ಗುದ್ತು ಅಂತ. ಹೊರಗಿನೋರು ಅಂದ್ರೆ ಕೋರ್ಟಲ್ಲಿ ದುಡ್ಡು ಬತ್ತದೆ."

"ಸುಳ್ಳಲ್ವೇನೋ?"

"ಸುಳ್ಳೇ. ಯಾರಿಗೆ ನಷ್ಟ ಹೇಳಿ? ಕಂಪನಿಗೆ. ನೀವು ವರ್ಷಾ ವರ್ಷಾ ಕಟ್ಟಿದೀರಲ್ಲ. ಆಯಮ್ಮ ಎದ್ದು ನಿಂತ್ಕತಾಳೆ, ನಿಮ್ ಮನಸ್ಸೂ ಹಗುರಾಗ್ತದೆ."

ಅದು ಹರಿಕೃಷ್ಣನಿಗೆ ತಪ್ಪೆಂದು ಗೊತ್ತಿತ್ತು. ಆದರೂ ಎರಡು ದಿನ ಯೋಚಿಸಿ, ತನ್ನ ದುಂಡಗಿನ ಅಕ್ಷರದಲ್ಲಿ ಅರ್ಜಿ ಬರೆದ. ಭಾನುವಾರ ಅದನ್ನು ಜೇಬಿನಲ್ಲಿಟ್ಟುಕೊಂಡು ಕಲ್ಯಾಣದುರ್ಗಕ್ಕೆ ಹೊರಟ. ಅವನು ಬರೆಯುವಾಗಲೇ ಅರ್ಜಿ ಓದಿದ್ದ ಭಾರ್ಗವಿ ಬಾಗಿಲಲ್ಲಿ ನಿಂತು "ನಾನು ಬರಲ್ಲ" ಎಂದಳು. "ಆ ಸೀಟು ನಂದು. ಅವತ್ತು ನಾನು ಕೂತಿದ್ರೆ ಏನ್ ಬರೀತಿದ್ರಿ? ನನ್ ಹೆಂಡ್ತಿ ರಸ್ತೆ ಪಕ್ಕ ನಿಂತಿದ್ಲು ಅಂತಾನಾ?" ಅವನು ಕಾರು ಹತ್ತಿದ.

ಪಾಪಕ್ಕ ನಡುಮನೆಯ ಮಂಚದ ಮೇಲೆ ಗೋಡೆಗೊರಗಿ ಕೂತಿದ್ದಳು. ತೀರಾ ಸೊರಗಿ ಹೋಗಿದ್ದಳು. ಅವನನ್ನು ಕಂಡು ಮುಖ ಅರಳಿಸಿ, "ಬಾಪ್ಪ, ಉಗ್ಗಾಣಿ ತಿನ್ನದೆ ಸಣ್ಣಗಾಗ್ಬುಟ್ಟಿದೀಯ" ಎಂದು ಚೇಷ್ಟೆ ಮಾಡಿದಳು. ಮಲ್ಲೇಶ್ವರಿ ನೀರು ತಂದಿಟ್ಟು, ಬಾಗಿಲಾಚೆ ನಿಂತ ಕಾರನ್ನು ಒಮ್ಮೆ ನೋಡಿದಳು.

ಹರಿಕೃಷ್ಣ ವಿಷಯ ಹೇಳಿದ. ಕಂಪನಿಗೆ ಒಂದು ಕಾಗದ ಬೇಕಂತೆ, ಸ್ವಲ್ಪ ಬದಲಾಯಿಸಿ ಬರೆಯಬೇಕಂತೆ ಎಂದ. ಮಲ್ಲೇಶ್ವರಿ ಸುತ್ತು ಬಳಸು ಇಲ್ಲದೆ ಹೇಳಿದಳು: "ಸುಳ್ಳೋ ನಿಜವೋ ನಂಗೆ ಬ್ಯಾಡ ಸಾರ್. ನಮ್ಮಮ್ಮ ನಿಂತ್ಕಬೇಕು ಅಷ್ಟೆ. ಎಲ್ಲಿ ಹೆಬ್ಬೆಟ್ಟು ಒತ್ತಿಸ್ಬೇಕು ಹೇಳಿ."

"ಇರು," ಎಂದಳು ಪಾಪಕ್ಕ. "ಓದಿಸ್ಕಳ್ದೆ ಒತ್ತಿದ್ರೆ ಬೈತಾನೆ ಇವ್ನು. ಓದಪ್ಪ."

ಅವನು ಕಾಗದ ಬಿಡಿಸಿ ಓದತೊಡಗಿದ. "ನಾನು, ಪಾಪಕ್ಕ, ಆ ದಿನ ಬೆಳಿಗ್ಗೆ ಕಲ್ಯಾಣದುರ್ಗದ ರಸ್ತೆಯ ಪಕ್ಕದಲ್ಲಿ ಬಸ್ಸಿಗಾಗಿ ಒಬ್ಬಳೇ ನಿಂತಿರುವಾಗ, ನನಗೆ ಗುರುತಿಲ್ಲದ ವ್ಯಕ್ತಿ ಓಡಿಸುತ್ತಿದ್ದ, ಕೆಳಗೆ ನಂಬರು ಬರೆದಿರುವ ಕಾರು..."

"ಒಸಿ ತಡಿ," ಎಂದಳು ಪಾಪಕ್ಕ. "ಗುರುತಿಲ್ಲದ ವ್ಯಕ್ತಿ ಅಂದ್ರೆ ಯಾರು?"

"ನಾನೇ ಅಕ್ಕ."

"ಇಪ್ಪತ್ತೆರಡು ವರ್ಷ ನನ್ ಕೈಯಾಗೆ ತಿಂದೋನು ಗುರುತಿಲ್ಲದೋನಾ?" ಅವಳು ಬಗ್ಗಿ ಅವನ ಮುಖ ಹುಡುಕಿದಳು. "ಹರೀ, ನೀನು ಯಾರಿಗೆ ಓದಿದ್ರೂ ಒಂದು ಸಾಲಿಗೊಂದ್ಸಲ ಮುಖ ನೋಡ್ತೀಯ. ನಾನು ಎಷ್ಟು ವರ್ಷದಿಂದ ನೋಡ್ತಿವ್ನಿ. ಇವತ್ತು ಯಾಕೆ ನನ್ ಮುಖ ನೋಡ್ತಿಲ್ಲ?"

ಅವನು ಕಾಗದವನ್ನೇ ನೋಡುತ್ತ ಕೂತ. ತಲೆ ಎತ್ತಲಾಗಲಿಲ್ಲ.

"ನಿನ್ ಕಾರಲ್ಲಿ ಮುಂದ್ಗಡೆ ಕುಂತ್ಕಂಡು ಹೋದೆ ಅಂತ ಆಸ್ಪತ್ರೆಯಾಗೆ ಎಲ್ರಿಗೂ ಹೇಳ್ಕಂಡೆ ಕಣಪ್ಪ. ಕಾಲು ಹೋಯ್ತು, ಆದ್ರೂ ಹರಿ ಕರ್ದು ಕುಂದ್ರಿಸ್ಕಂಡ ಅಂತ ಒಂದು ಹೆಮ್ಮೆ. ಈಗ ನಾನು ಕುಂತೇ ಇರ್ಲಿಲ್ಲ ಅಂತ ಬರ್ದಿದೀಯ."

ಆಗ ಹರಿಕೃಷ್ಣ ಎಲ್ಲ ಹೇಳಿಬಿಟ್ಟ. ಕಂಪನಿ ತಡ ಮಾಡಿದ್ದು ಸುಳ್ಳು, ಕಂಪನಿಗೆ ತಾನು ಅರ್ಜಿಯನ್ನೇ ಹಾಕಿಲ್ಲ. ಒಳಗೆ ಕೂತವರಿಗೆ ಬರುವುದಿಲ್ಲ ಎಂದು ಅಂಬರೀಶ ಮೊದಲೇ ಹೇಳಿದ್ದ. ಒಂದು ಟೈರಿನ ದುಡ್ಡು ಉಳಿಸಲು ತಾನೇ ಬೇಡವೆಂದದ್ದು. "ನಿನ್ ಗಾಡಿ ಮುಂದೇ ಹೇಳಿದ್ದು ಅಕ್ಕ. ನೀನೂ ಇದ್ದೆ."

"ಇದ್ದೆ," ಎಂದಳು ಪಾಪಕ್ಕ ನಿಧಾನವಾಗಿ. "ನಾನೂ ನಕ್ಕಿದ್ದೆ."

ಮಲ್ಲೇಶ್ವರಿ ನಗಲಿಲ್ಲ, ಅಳಲೂ ಇಲ್ಲ. "ಕಿಟಕಿ ಪಕ್ಕ ಕುಂತ್ಕಂಡು ಬಸ್ಸಲ್ಲಿ ಬತ್ತಿದ್ದೋಳ್ನ ಇಳಿಸ್ಕಂಡ್ರಿ. ಆರು ತಿಂಗ್ಳು ಸುಳ್ಳು ಹೇಳಿದ್ರಿ. ಕಾರು ನೆಟ್ಟಗಾಯ್ತು ಸಾರ್, ನಮ್ಮಮ್ಮ ಆಗ್ಲಿಲ್ಲ." ಅಷ್ಟು ಹೇಳಿ ಒಳಗೆ ಹೋದಳು. ಹರಿಕೃಷ್ಣ ಕಾಗದ ಮಡಚಿ ಜೇಬಿಗಿಟ್ಟುಕೊಂಡು ಎದ್ದ. ಹೊರಗೆ ಬಂದು ಕಾರಿನ ಬಾಗಿಲು ತೆಗೆದಾಗ ಬೀದಿಯವರೆಲ್ಲ ತನ್ನನ್ನೇ ನೋಡುತ್ತಿದ್ದಾರೆ ಅನಿಸಿತು. ಯಾರೂ ನೋಡುತ್ತಿರಲಿಲ್ಲ. ಅವನಿಗೇ ಆ ಕಾರಿನಲ್ಲಿ ಕೂರಲು ಮೈ ಒಪ್ಪಲಿಲ್ಲ. ಹಿಂದೂಪುರದವರೆಗೆ ಪಕ್ಕದ ಸೀಟಿನ ಕಡೆ ತಿರುಗಿ ನೋಡದೆ ಓಡಿಸಿಕೊಂಡು ಬಂದ.

ಮನೆಗೆ ಬಂದವನೇ ಭಾರ್ಗವಿಗೆ ಹೇಳಿದ: "ಕಾರು ಮಾರ್ತೀನಿ." ಅವಳು ಬೀರುವಿನಿಂದ ಕಾರಿನ ಕಾಗದಗಳನ್ನು ತಂದು ಮುಂದಿಟ್ಟಳು.

ಕೊಳ್ಳಲು ಬಂದವನು ಪರಿಗಿಯ ಓಬುಳಪತಿ, ರೇಷ್ಮೆಗೂಡಿನ ವ್ಯಾಪಾರದವನು. ಬೇವಿನ ಮರದ ಕೆಳಗೇ ಮಾತುಕತೆ. ಕಾರಿನ ಸುತ್ತ ಮೂರು ಸುತ್ತು ಹಾಕಿ, ಟೈರು ಒದ್ದು ನೋಡಿ, ಬೆಲೆಗೆ ಒಪ್ಪಿದ. ಆಮೇಲೆ ಕೇಳಿದ: "ಇನ್ಶೂರೆನ್ಸು ಇನ್ನೂ ಐತಲ್ಲ ಸಾರ್. ಇದನ್ನೇ ನನ್ ಹೆಸ್ರಿಗೆ ಮಾಡ್ಕಂಡ್ರೆ ಆಯ್ತು. ಪೊಲೀಸರಿಗೆ ತೋರ್ಸಕ್ಕೆ ಒಂದು ಕಾಗದ ಇದ್ರೆ ಸಾಕು."

ಹರಿಕೃಷ್ಣ ಪೆನ್ನು ಕೆಳಗಿಟ್ಟ. ಅದೇ ಜಾಗ, ಅದೇ ಮಾತು. ಸುಮ್ಮನಿದ್ದರೆ ವ್ಯಾಪಾರ ಮುಗಿಯುತ್ತಿತ್ತು, ಸುತ್ತ ಪತ್ರ ಬರೆಸಲು ಬಂದವರು ಹತ್ತು ಜನ ನಿಂತಿದ್ದರು.

"ಮನೇಲಿ ಯಾರ್ ಯಾರು ಇದೀರಿ ಓಬುಳಪತಿ?"

"ಅವ್ವ, ಹೆಂಡ್ತಿ, ಎರಡು ಹೆಣ್ಮಕ್ಳು. ಯಾಕೆ ಸಾರ್?"

"ಈ ಕಾಗದ ಅವ್ರಿಗೆ ಯಾರಿಗೂ ಆಗಲ್ಲ." ಅವನು ಕುರ್ಚಿ ತಿರುಗಿಸಿ, ನೆಲದ ಮೇಲಿನ ಎಣ್ಣೆಯ ಕಲೆ ತೋರಿಸಿದ. "ಇಲ್ಲಿ ಉಗ್ಗಾಣಿ ಗಾಡಿ ಇತ್ತು, ನೆನಪೈತಾ?"

"ಪಾಪಕ್ಕನದು! ಬಜ್ಜಿ ಅಂದ್ರೆ ಆಯಮ್ಮಂದು. ಎಲ್ಲೋದ್ರು?"

ಹರಿಕೃಷ್ಣ ಹೇಳಿದ. ಒಂದು ಸಾಲೂ ಬಿಡಲಿಲ್ಲ. ನಕ್ಕದ್ದು, ಬಸ್ಸಿನಿಂದ ಇಳಿಸಿದ್ದು, ಸುಳ್ಳು ಹೇಳಿದ್ದು, ಸುಳ್ಳು ಅರ್ಜಿ ಬರೆದದ್ದು. ಸುತ್ತ ನಿಂತವರಲ್ಲಿ ಯಾರೋ "ಏನ್ ಸಾರ್, ಓದಿದೋರು ನೀವೇ ಹಿಂಗೆ ಮಾಡಿದ್ರೆ..." ಎಂದರು. ಅವನು ಆ ಮಾತಿಗೆ ತಲೆ ತಗ್ಗಿಸಿದ. ಅಂಬರೀಶನನ್ನು ಕರೆಸಿ, ಒಳಗೆ ಕೂತವರಿಗೂ ಸಲ್ಲುವ ಪಾಲಿಸಿಯನ್ನು ಓಬುಳಪತಿಯ ಹೆಸರಿನಲ್ಲಿ ಮಾಡಿಸಿ, ಸಾಲು ಸಾಲಾಗಿ ಓದಿ ಹೇಳಿದ. ಅದರ ದುಡ್ಡನ್ನು ಕಾರಿನ ಬೆಲೆಯಲ್ಲಿ ಇಳಿಸಿದ. ಆಮೇಲೆಯೇ ಕೀಲಿಕೈ ಕೊಟ್ಟದ್ದು. ಅಂಬರೀಶ ಹೋಗುವಾಗ ಮೆಲ್ಲಗೆ, "ಅವತ್ತು ನಾನೂ ಒಸಿ ಗಟ್ಟಿಯಾಗಿ ಹೇಳ್ಬೇಕಿತ್ತು ಸಾರ್" ಎಂದ.

ಮರುದಿನ ಹರಿಕೃಷ್ಣ ಬಸ್ಸಿನಲ್ಲಿ ಕಲ್ಯಾಣದುರ್ಗಕ್ಕೆ ಹೋದ. ಪಾವಗಡದವರೆಗೆ ನಿಂತೇ ಇದ್ದ. ಬ್ಯಾಗಿನಲ್ಲಿ ಕಾರು ಮಾರಿದ ದುಡ್ಡಿತ್ತು, ಒಂದು ಸ್ಟಾಂಪ್ ಕಾಗದವಿತ್ತು. ಅದರಲ್ಲಿ ಎರಡನೇ ಆಪರೇಷನ್ನು, ಆಮೇಲಿನ ಔಷಧಿ, ಅವಳು ಮತ್ತೆ ಗಾಡಿಯ ಹಿಂದೆ ನಿಲ್ಲುವವರೆಗಿನ ಊಟ ವಸತಿ, ಎಲ್ಲ ತನ್ನ ಹೊಣೆ ಎಂದು ಬರೆದಿದ್ದ. ಮಲ್ಲೇಶ್ವರಿ ಬಾಗಿಲು ತೆರೆದಳು, ಕೂತ್ಕೊಳ್ಳಿ ಎನ್ನಲಿಲ್ಲ. ಅವನು ನಿಂತೇ ಓದಿದ.

"ಹಿಂದೂಪುರದ ಬಸ್ ನಿಲ್ದಾಣದಲ್ಲಿ, ಬಸ್ಸಿನಲ್ಲಿ ಕೂತಿದ್ದ ಪಾಪಕ್ಕನವರನ್ನು ನಾನೇ ಕರೆದು ಇಳಿಸಿ, ನನ್ನ ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡೆ." ತಲೆ ಎತ್ತಿ ಪಾಪಕ್ಕನ ಮುಖ ನೋಡಿದ. ಕಷ್ಟವಾಯಿತು, ಆದರೂ ನೋಡಿದ. "ಒಳಗೆ ಕೂತವರಿಗೆ ವಿಮೆ ಇಲ್ಲವೆಂಬುದು ನನಗೆ ಮೊದಲೇ ತಿಳಿದಿತ್ತು." ಮತ್ತೆ ನೋಡಿದ. "ಅರ್ಥ ಆಯ್ತಾ ಅಕ್ಕ?"

"ಮೊದಲ್ನೇ ಸಾಲು ಇನ್ನೊಂದ್ಸಲ ಓದು."

ಅವನು ಓದಿದ. ಪಾಪಕ್ಕ ಕಣ್ಣು ಮುಚ್ಚಿ ಕೇಳಿ, "ಹೂಂ, ಅದು ನಿಜ" ಎಂದಳು. ಇಪ್ಪತ್ತೈದು ವರ್ಷದಿಂದ ಪತ್ರಗಳ ಕೊನೆಯಲ್ಲಿ, ಮೂಲೆಯಲ್ಲಿ, ಬರೆದವರು ಎಂಬಲ್ಲಿ ಮಾತ್ರ ಸಹಿ ಹಾಕಿದ್ದ ಹರಿಕೃಷ್ಣ ಆ ದಿನ ಮೊದಲ ಸಲ ಬರೆದುಕೊಟ್ಟವರು ಎಂಬಲ್ಲಿ ಸಹಿ ಹಾಕಿದ. ಮಲ್ಲೇಶ್ವರಿ ಪೆನ್ನು ಇಸಿದುಕೊಂಡು ಕಾಗದವನ್ನು ತಾನೊಮ್ಮೆ ಪೂರ್ತಿ ಓದಿ, ಸಾಕ್ಷಿಯ ಜಾಗದಲ್ಲಿ ತನ್ನ ಹೆಸರು ಬರೆದಳು. ಆಮೇಲೆ ಒಂದು ಕುರ್ಚಿ ತಂದು ಹಾಕಿದಳು.

ಬಾಗಿಲ ಕಡೆ ಕಣ್ಣು ಹಾಯಿಸಿ ಪಾಪಕ್ಕ ಕೇಳಿದಳು: "ಕಾರು ಕಾಣಲ್ಲ. ಬಸ್ಸಲ್ಲಿ ಬಂದ್ಯಾ?"

"ಹೂಂ ಅಕ್ಕ."

"ಕಿಟಕಿ ಪಕ್ಕ ಸಿಕ್ತೇನಪ್ಪ?"

ಅವಳು ವಿಚಾರಿಸಿಕೊಳ್ಳುವ ಹಾಗೆ, ಅಕ್ಕರೆಯಿಂದಲೇ ಕೇಳಿದ್ದಳು. ಹರಿಕೃಷ್ಣ ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಒರೆಸುತ್ತ ಆ ಕುರ್ಚಿಯಲ್ಲಿ ಕೂತ.